ಕಟ್ಟೆಯ ಮೇಲಿನ ಬಿಸಿ

ಜೇವರ್ಗಿಯಿಂದ ಇಜೇರಿಗೆ ಹೋಗುವ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರಿಗೆ ತಮ್ಮ ದೇಹದಲ್ಲಿ ಎಷ್ಟು ಎಲುಬುಗಳಿವೆ ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಆ ಆಸನವನ್ನೇ ಬೇಕೆಂದು ಆರಿಸಿಕೊಂಡು, ತೊಡೆಯ ಮೇಲೆ ಕ್ಯಾಮೆರಾವೊಂದನ್ನು ಹಸುಗೂಸಿನಂತೆ ಮಲಗಿಸಿಕೊಂಡು ಕುಳಿತಿದ್ದೆನೆಂದರೆ ನಿಮಗೆ ನಗು ಬಂದೀತು. ನಕ್ಕುಬಿಡಿ, ಕಂಡಕ್ಟರನೂ ನಕ್ಕ.

ಡ್ರೋನುಗಳಿಗೆ ಕಟ್ಟುವ ಇನ್‌ಫ್ರಾರೆಡ್ ಕ್ಯಾಮೆರಾಗಳ ಬಾಳಿಕೆಯನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಬೆಳಕನ್ನು ಬಿಟ್ಟು ಬಿಸಿಯನ್ನಷ್ಟೇ ಕಾಣುವ ಈ ಸೂಕ್ಷ್ಮ ಯಂತ್ರವನ್ನು ಕಾದ ಪೆಟ್ಟಿಗೆಯಲ್ಲಿ ಬೇಯಿಸಿ, ಅಫಜಲಪುರದ ಹೊಲಗಳ ಧೂಳು ಕುಡಿಸಿ, ಅದಿನ್ನೂ ಬದುಕಿದೆಯೇ ಎಂದು ಇಣುಕಿ ನೋಡುವ ನಿರ್ದಯ ಕಾಯಕ. ಕುಲುಕಾಟದ ಪರೀಕ್ಷೆಗೆ ಬೇರೆ ಯಂತ್ರವಿದೆ. ಆದರೂ ಅಂದು ಈ ದಾರಿಯ ಬಸ್ಸೇ ಆಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇಜೇರಿಯಲ್ಲಿರುವ ನನ್ನ ಅಕ್ಕ.

ನಾಗರಪಂಚಮಿಗೆ ಅಕ್ಕನನ್ನು ತವರಿಗೆ, ಅಂದರೆ ನಮ್ಮ ನರೋಣಾಕ್ಕೆ, ಕರೆತರುವುದು ತಮ್ಮನ ಪಾಲಿನ ಕೆಲಸ. ಪರೀಕ್ಷೆಗಳ ನೆಪ ಹೇಳಿ ಮೂರು ವರ್ಷ ನಾನು ಹೋಗಲಿಲ್ಲ. ಮೂರನೆಯ ವರ್ಷ ಅವಳು ಫೋನಿನಲ್ಲಿ, “ಇನ್ನ ಕರಿಯಾಕ ಬರಬ್ಯಾಡ” ಎಂದಳು. ಅಂದಿನಿಂದ ಹಬ್ಬದ ಉಂಡೆ ರುಚಿಸದೆ, ಜೋಕಾಲಿ ಕಂಡಲ್ಲೆಲ್ಲ ಅವಳದೇ ನೆನಪಾಗಿ, ತಲೆ ನರೆತ ಈ ವಯಸ್ಸಿನಲ್ಲೂ ಅಕ್ಕ ಬೇಕೆಂದು ಅಳು ಬರುವಂತಾಗುತ್ತಿತ್ತು. ಈ ಸಲ ಪಂಚಮಿಗೆ ಮುಂಚೆಯೇ ಅವಳನ್ನು ಒಲಿಸಿ ಬರೋಣವೆಂದು, ಹತ್ತರ ಬಸ್ಸಿಗೆ ಬರುತ್ತೇನೆಂದು ಭಾವನಿಗೆ ತಿಳಿಸಿ, ರೂಢಿಯಂತೆ ಅದನ್ನು ತಪ್ಪಿಸಿಕೊಂಡು, ಹನ್ನೆರಡರ ಬಸ್ಸಿಗೆ ಬಂದಿಳಿದೆ.

ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತದೆಯೇ, “ಬಾ. ನೀ ಬರ್ತಿ ಅಂತ ಯಾರೂ ದಾರಿ ಕಾಯಾಕತ್ತಿರಲಿಲ್ಲ. ಮುಂಜಾನಿಂದ ನಾ ಒಲಿ ಮುಂದನ ಅದೀನಿ” ಎಂದಳು.

ನಾನು ಹೊರಬಂದು, ಕೈಗೊಂದು ಕೆಲಸವಿರಲೆಂದು ಕ್ಯಾಮೆರಾ ಚಾಲೂ ಮಾಡಿದೆ. ಅದು ಬದುಕಿತ್ತು. ಮನೆಯ ಮುಂದಿನ ಬೇವಿನ ನೆರಳಿನ ತಣ್ಣನೆಯ ಕಲ್ಲುಕಟ್ಟೆ ಪರದೆಯ ಮೇಲೆ ಕಪ್ಪಗಿತ್ತು. ಅದರ ನಡುವೆ, ಬಸ್ಸು ಬರುವ ದಾರಿಗೆ ಎದುರಾಗಿ, ಯಾರೋ ಬಹಳ ಹೊತ್ತು ಕುಳಿತು ಈಗಷ್ಟೇ ಎದ್ದುಹೋದ ಜಾಗ ಮೈಬಿಸಿ ಉಳಿದು ಬೆಳ್ಳಗೆ ಹೊಳೆಯುತ್ತಿತ್ತು. ಭಾವ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಅಕ್ಕನ ಹೊರತು ಬೇರೆ ಯಾರೂ ಇರಲಿಲ್ಲ.

ಕ್ಯಾಮೆರಾ ಆರಿಸಿ, ಒಳಗೆ ಹೋಗಿ ಒಲೆಯ ಪಕ್ಕ ಕುಳಿತೆ. “ಅಕ್ಕಾ, ಪಂಚಮಿಗಿ ಕರಿಯಾಕ ಬರ್ತೇನಿ. ಈ ಸಲ ತಪ್ಪಂಗಿಲ್ಲ” ಎಂದೆ.

ಅವಳು ರೊಟ್ಟಿ ತಿರುವಿಹಾಕಿದಳು. ಅದು ಉಬ್ಬಿ ಇಳಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದಳು.

“ಯಾವ ಬಸ್ಸಿಗಿ ಬರ್ತಿ, ಅದನ್ನ ಖರೇ ಹೇಳು” ಎಂದಳು. “ಕಲ್ಲಿನ ಮ್ಯಾಲ ಎರಡೆರಡು ತಾಸು ಕುಂದ್ರಾಕ ನಂಗಿನ್ನ ಆಗಂಗಿಲ್ಲ, ತಮ್ಮಾ.”