ಮೋಸಂಬಿಯೊಳಗಿನ ಸಕ್ಕರೆ

ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲಿಟ್ಟವರ ಮಗ ದೋಸೆಕಾವಲಿ ಬಿಟ್ಟು ಸರಕಾರಿ ಲ್ಯಾಬು ಸೇರಿದರೆ ಜನ ಸುಮ್ಮನಿರುತ್ತಾರೆಯೇ? ಅದರಲ್ಲೂ ಕಲಬೆರಕೆ ಹಿಡಿಯುವ ಕೆಲಸ, ಹೆಸರು ಬೇರೆ ಹರಿಶ್ಚಂದ್ರ! "ಬಂದ ನೋಡಿ ನಮ್ಮ ಸತ್ಯಹರಿಶ್ಚಂದ್ರ," ಎಂದು ಅಪ್ಪನೇ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗೇಲಿ ಮಾಡುತ್ತಿದ್ದ. ಹುಡುಗನಿಗೆ ಒಳಗೊಳಗೇ ಹೆಮ್ಮೆ.

೧೯೭೮ರ ಬೇಸಿಗೆಯಲ್ಲಿ ಅವನ ಮೇಜಿಗೆ ಬಂದದ್ದೆಲ್ಲ ದ್ರಾಕ್ಷಿರಸವೇ. ಕುದಿಯುವ ನೀಲಿ ದ್ರಾವಣಕ್ಕೆ ರಸವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಹನಿಗೆ ನೀಲಿ ಅಳಿಯಿತೆಂದು ನೋಡಬೇಕು. ಆಮೇಲೆ ರಸವನ್ನು ಆಸಿಡ್ ಹಾಕಿ ಕಾಯಿಸಿ ಮತ್ತೊಮ್ಮೆ ನೋಡಬೇಕು. ಎರಡನೆಯ ಸಲ ಕಡಿಮೆ ಹನಿ ಸಾಕಾಯಿತೋ, ಕಬ್ಬಿನ ಸಕ್ಕರೆ ಬೆರೆತಿದೆ ಎಂದರ್ಥ. ದ್ರಾಕ್ಷಿಯಲ್ಲಿ ಆ ಜಾತಿಯ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ.

ಕೊನೆಗೊಂದು ಮೋಸಂಬಿ ರಸ ಬಂತು. ಸ್ವಾರಗೇಟಿನಲ್ಲಿ 'ಸಕ್ಕರೆ ಹಾಕಿಲ್ಲ' ಎಂದು ಬೋರ್ಡು ಕಟ್ಟಿ ಗಾಡಿ ನಿಲ್ಲಿಸುತ್ತಿದ್ದ ಯಾದಗಿರಿ ಕಡೆಯ ತಾಯಪ್ಪನದು. ಹರಿಶ್ಚಂದ್ರ ದ್ರಾಕ್ಷಿಯ ಕಾನೂನನ್ನೇ ಮೋಸಂಬಿಯ ತಲೆಗೂ ಕಟ್ಟಿ 'ಕಲಬೆರಕೆ' ಎಂದು ಬರೆದ. ತಾಯಪ್ಪ ಲ್ಯಾಬಿನ ಬಾಗಿಲಿಗೇ ಬಂದ.

"ಹಣ್ಣಿನಾಗ ಸಕ್ಕರಿ ದೇವರ ಇಟ್ಟಾನ್ರಿ, ನಾ ಹಾಕಿಲ್ಲ," ಎಂದ.

ಎಲ್ಲರೂ ನಕ್ಕರು, ಹರಿಶ್ಚಂದ್ರನೂ ನಕ್ಕ. ಗಾಡಿಯ ಪರವಾನಗಿ ಹೋಯಿತು.

ಮಳೆಗಾಲದಲ್ಲಿ ತಾಯಿ ಪಂಕಜಾಕ್ಷಿಗೆ ಜ್ವರ ಬಂದಾಗ ಹರಿಶ್ಚಂದ್ರ ತಾನೇ ಮೋಸಂಬಿ ಹಿಂಡಿಕೊಟ್ಟ.

"ಇಷ್ಟು ಸಕ್ಕರೆ ಯಾಕೆ ಹಾಕಿದ್ದು ಮಾರಾಯ?" ಎಂದಳು ತಾಯಿ.

ಅವನು ಚಿಟಿಕೆಯಷ್ಟೂ ಹಾಕಿರಲಿಲ್ಲ. ಉಳಿದ ಹಣ್ಣನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದ. ಎರಡನೆಯ ಸಲ ಹನಿ ಕಡಿಮೆಯೇ ಸಾಕಾದವು. ಮೋಸಂಬಿಯಲ್ಲಿ ಆ ಸಕ್ಕರೆ ಹುಟ್ಟಿನಿಂದಲೇ ಇತ್ತು.

"ಝಾಲಂ ತೇ ಝಾಲಂ," ಆದದ್ದು ಆಯಿತು, ಬಿಡು ಎಂದರು ಮೇಲಿನ ಸಾಹೇಬ ದಿಗಂಬರ. ತಿದ್ದಿದ ವರದಿಗೆ ಸಹಿ ಬೀಳುವವರೆಗೂ ಹರಿಶ್ಚಂದ್ರ ಅವರ ಬೆನ್ನು ಬಿಡಲಿಲ್ಲ.

ತಾಯಪ್ಪ ಪಿಂಪ್ರಿಯಲ್ಲಿ ಕಟ್ಟಡದ ಇಟ್ಟಿಗೆ ಹೊರುತ್ತಿದ್ದ. ಹರಿಶ್ಚಂದ್ರ ಅಲ್ಲಿಗೇ ಹೋಗಿ ಕಾಗದ ಚಾಚಿ, ಇನ್ನು ಮತ್ತೆ ಗಾಡಿ ಇಡಬಹುದು ಎಂದ. ತಾಯಪ್ಪ ಕಾಗದ ಮುಟ್ಟಲಿಲ್ಲ.

"ನನಗ ಬ್ಯಾಡ್ರಿ. ಅಕೀಗೆ ಓದಿ ಹೇಳ್ರಿ," ಎಂದು ಬುಟ್ಟಿ ಹೊತ್ತು ಬರುತ್ತಿದ್ದ ಹೆಂಡತಿ ಮಾನಮ್ಮನನ್ನು ತೋರಿಸಿದ. "ಸರಕಾರದ ಕಾಗದ ಸುಳ್ಳ ಹೇಳ್ತದೇನು ಅಂತಾಳ್ರಿ. ಮೂರು ತಿಂಗಳಾತು, ನನ್ನ ಮಾತ ನಂಬವಲ್ಲಳ್ರಿ."

ಇಂಗ್ಲಿಷಿನ ವರದಿಯನ್ನು ಹರಿಶ್ಚಂದ್ರ ಕನ್ನಡದಲ್ಲಿ ಹೇಳುತ್ತ ಹೋದ. ತಪ್ಪು ಯಾರದೆಂದು ಅದರಲ್ಲಿ ಬರೆದಿರಲಿಲ್ಲ.

"ತಪ್ಪು ನಂದಮ್ಮ, ನಿಮ್ಮ ಗಂಡನದ್ದಲ್ಲ," ಎಂದು ತಾನೇ ಸೇರಿಸಿದ.

ಮಾನಮ್ಮ ಅವನತ್ತ ನೋಡಲೇ ಇಲ್ಲ. ಬುಟ್ಟಿ ಇಳಿಸಿ, ಗಂಡನ ಮುಂದೆ ಕುಕ್ಕರಿಸಿ ಗೊಳೋ ಎಂದು ಅತ್ತಳು.