ಬೀದಿಗೆಲ್ಲ ದರ ನೋಡಿಕೊಟ್ಟವನ ಹೆಂಡತಿ

ಪೋರ್ಟ್ ಟಾಲ್ಬಟ್ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆ ಆರಿದ ಮೇಲೆ ಐರ್ವೆನ್‌ಳ ಗಂಡ ಗ್ವಿಲಿಮ್ ಮಾತು ಬಿಟ್ಟ. ಅಲ್ಲಿ ಅವನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕ್ರೇನು ಓಡಿಸಿದ್ದ. ಕೆಲಸ ಹೋದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ ಎನ್ನಬೇಕು. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ಖಾಲಿ ಮಾಡಿ ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಐರ್ವೆನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳ ಗಲಾಟೆ ಕಿವಿ ತೂತಾಗುವಷ್ಟು ಕೇಳಿ ಮನೆಗೆ ಬಂದರೆ ಇಲ್ಲಿ ಗಡಿಯಾರದ ಸದ್ದು. ಏನು ಕೇಳಿದರೂ "ಹೂಂ", ಇಲ್ಲವೆ "ನೋಡೋಣ". ಹೀಗೆ ಒಂದು ವರ್ಷ ಕಳೆಯಿತು.

ಅವನನ್ನು ಎಬ್ಬಿಸಿದ್ದು ಪಕ್ಕದ ಮನೆಯ ಮುದುಕ ಎಮ್ಲಿನ್. ಗ್ಯಾಸಿನ ಬಿಲ್ಲು ಹಿಡಿದುಕೊಂಡು ಬಂದು, "ನನ್ ಕಣ್ಣಿಗೆ ಇದು ಇರುವೆ ಸಾಲಿನ ಹಾಗೆ ಕಾಣತ್ತೆ, ನೀನಾದ್ರೂ ಓದೋ" ಎಂದ. ಗ್ವಿಲಿಮ್ ಓದಿದ. ಮತ್ತೊಂದು ಸಲ ಓದಿದ. ಅಲ್ಲಿ ಮನೆಯ ಗ್ಯಾಸು ಕರೆಂಟನ್ನು ಬೇಕಾದ ಕಂಪನಿಯಿಂದ ಕೊಳ್ಳಬಹುದು. ಎಮ್ಲಿನ್ ವರ್ಷಗಟ್ಟಲೆ ಒಂದೇ ಕಂಪನಿಗೆ ನಿಯತ್ತಾಗಿದ್ದು, ಎಲ್ಲಕ್ಕಿಂತ ದುಬಾರಿ ದರ ಕೊಡುತ್ತಿದ್ದ. ಗ್ವಿಲಿಮ್ ಕಂಪ್ಯೂಟರಿನ ಮುಂದೆ ಕೂತು ಬೇರೆ ಬೇರೆ ಕಂಪನಿಗಳ ದರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮುದುಕನನ್ನು ಇನ್ನೊಂದು ಕಂಪನಿಗೆ ಸೇರಿಸಿಕೊಟ್ಟ. ಎಮ್ಲಿನ್ ಅದನ್ನು ಪಬ್ಬಿನಲ್ಲಿ ಹೇಳಿದ. ಆಮೇಲೆ ಬೀದಿಯವರೆಲ್ಲ ಬರತೊಡಗಿದರು. ಚಳಿಗಾಲ ಶುರುವಾಗುವ ಹೊತ್ತಿಗೆ ಬೀದಿಯ ಪ್ರಾರ್ಥನಾಮಂದಿರ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಪ್ರತಿ ಗುರುವಾರ ಗ್ವಿಲಿಮ್‌ಗೆಂದೇ ಒಂದು ಮೇಜು ಹಾಕಿದರು. ಗ್ಯಾಸು ಒಂದು ಕಂಪನಿ, ಕರೆಂಟು ಇನ್ನೊಂದು, ಯಾವುದು ಸೇರಿಸಿದರೆ ಲಾಭ, ಯಾವುದು ಬೇರೆ ಇಟ್ಟರೆ ಲಾಭ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

ಐರ್ವೆನ್‌ಗೆ ಮೊದಮೊದಲು ಹೋದ ಜೀವ ಬಂದಂತಾಯಿತು. ಗಂಡ ಗಡ್ಡ ಬೋಳಿಸಿಕೊಳ್ಳುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಕೇಳುತ್ತಿದ್ದ. ಆದರೆ ಮಾತು ಮಾತ್ರ ಹೊಸಿಲು ದಾಟಿ ಒಳಗೆ ಬರಲಿಲ್ಲ. ಹೊರಗೆ ಗೇಟಿನ ಹತ್ತಿರ ಯಾರೊಂದಿಗೋ ಗಂಟೆಗಟ್ಟಲೆ ನಿಂತು ಮಾತಾಡಿದವನು, ಒಳಗೆ ಬಂದು ಬೂಟು ಕಳಚುವಷ್ಟರಲ್ಲಿ ಹಳೆಯ ಗ್ವಿಲಿಮ್ ಆಗಿಬಿಡುತ್ತಿದ್ದ.

ಎದುರು ಮನೆಗೆ ಆ ಬೇಸಿಗೆಯಲ್ಲಿ ಮೈನಿರ್ ಎಂಬ ಹೆಂಗಸು ಬಾಡಿಗೆಗೆ ಬಂದಿದ್ದಳು. ಕೂದಲು ಕತ್ತರಿಸುವ ಕೆಲಸ, ಗಂಡನನ್ನು ಬಿಟ್ಟವಳು, ಐರ್ವೆನ್‌ಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಗ್ವಿಲಿಮ್ ಅವಳ ಮನೆಗೆ ಹೋದದ್ದು ಶಾಲೆಯ ಅಡುಗೆಮನೆಗೂ ಸುದ್ದಿಯಾಗಿ ಬಂತು.

"ನಿನ್ ಗಂಡ ಮೈನಿರ್ ಮನೇಲಿ ಮೆಟ್ಟಿಲ ಕೆಳಗೆ ತಲೆ ತೂರಿಸ್ಕೊಂಡು ಕೂತಿದ್ನಂತೆ" ಎಂದಳು ಜೊತೆಗೆ ಆಲೂಗಡ್ಡೆ ಸುಲಿಯುತ್ತಿದ್ದ ನೆಸ್ಟಾ.

"ಮೀಟರು ಅಲ್ಲೇ ಇರತ್ತೆ."

"ನಮ್ಮನೇಲೂ ಅಲ್ಲೇ ಇರೋದು ಮಾರಾಯ್ತಿ. ನಮ್ಮನೆಗೆ ಬಂದಾಗ ಟೀ ಆರೋದ್ರೊಳಗೆ ಎದ್ದು ಹೋದ. ಅವಳ ಮೀಟರ್ ಏನು ಕಷ್ಟಪಟ್ಟು ಓದಬೇಕೋ ಏನೋ."

ಐರ್ವೆನ್ ನಕ್ಕಳು. ನಕ್ಕದ್ದು ತನಗೇ ಕೇಳಿಸಲಿಲ್ಲ. ಅವತ್ತು ಸುಲಿದ ಆಲೂಗಡ್ಡೆಯಲ್ಲಿ ಅರ್ಧ ಸಿಪ್ಪೆಯ ಜೊತೆಗೇ ಹೋಯಿತು.

ಅಂದಿನಿಂದ ಅವಳು ಮಹಡಿಯ ಕೋಣೆಯ ಪರದೆಯ ಸಂದಿಯಿಂದ ಎದುರು ಮನೆಯನ್ನು ನೋಡತೊಡಗಿದಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು, ಆದರೂ ಕಾಲು ಅಲ್ಲಿಗೇ ಒಯ್ಯುತ್ತಿತ್ತು. ಒಂದು ಸಂಜೆ ಮೈನಿರ್‌ಳ ಅಡುಗೆಮನೆಯ ಬೆಳಕಿನಲ್ಲಿ ಗ್ವಿಲಿಮ್ ಕಂಡ. ಕುರ್ಚಿಯ ಬೆನ್ನಿಗೆ ಒರಗಿ, ಬಾಯಿ ತೆರೆದು, ಹೆಗಲು ಕುಣಿಯುವಂತೆ ನಗುತ್ತಿದ್ದ. ಅವನು ಬೇರೆಯವಳ ಮನೆಯಲ್ಲಿ ಕೂತದ್ದಕ್ಕಿಂತ ಹೆಚ್ಚಾಗಿ ಆ ನಗು ಅವಳ ಹೊಟ್ಟೆಯಲ್ಲಿ ಬೆಂಕಿ ಹಾಕಿತು. ಮದುವೆಯಾದ ಹೊಸದರಲ್ಲಿ ಹಾಗೆ ನಗುತ್ತಿದ್ದ. ಒಂದು ವರ್ಷ ಅದಕ್ಕಾಗಿ ಅವಳು ಏನೆಲ್ಲ ಮಾಡಿರಲಿಲ್ಲ. ಅವನಿಗಿಷ್ಟವಾದ ಕುರಿಮಾಂಸದ ಸಾರು ಮಾಡಿದ್ದಳು, ಶಾಲೆಯ ಮಕ್ಕಳ ಚೇಷ್ಟೆಗಳನ್ನು ಇಲ್ಲದ್ದೂ ಸೇರಿಸಿ ಹೇಳಿದ್ದಳು. ಈಗ ನೋಡಿದರೆ ಮೊನ್ನೆ ಬಂದವಳೊಬ್ಬಳು ಗ್ಯಾಸಿನ ಬಿಲ್ಲು ಮುಂದಿಟ್ಟು ಅದನ್ನು ಸಲೀಸಾಗಿ ಪಡೆದುಕೊಂಡಿದ್ದಳು.

ಮರುವಾರ ಅವನು ಕೂದಲು ಕತ್ತರಿಸಿಕೊಂಡು ಬಂದ. ಮದುವೆಯಾದಾಗಿನಿಂದ ಅವನ ಕೂದಲು ಕತ್ತರಿಸಿದ್ದು ಐರ್ವೆನ್, ತನ್ನ ಅಡುಗೆಮನೆಯಲ್ಲಿ, ಹೆಗಲಿಗೆ ಟವಲು ಹೊದಿಸಿ.

"ಯಾರು ಕತ್ತರಿಸಿದ್ದು?"

"ಮೈನಿರ್. ದುಡ್ಡು ಬೇಡ ಅಂದೆ, ಹಾಗಾದ್ರೆ ಇದಾದ್ರೂ ಮಾಡ್ಕೊಡ್ತೀನಿ ಅಂದ್ಲು. ಚೆನ್ನಾಗಿಲ್ವಾ?"

"ಚೆನ್ನಾಗಿದೆ" ಎಂದಳು ಐರ್ವೆನ್. ಚೆನ್ನಾಗಿಯೇ ಇತ್ತು. ಅವಳು ಎಂದೂ ಕಿವಿಯ ಹಿಂದೆ ಅಷ್ಟು ನೀಟಾಗಿ ತೆಗೆದಿರಲಿಲ್ಲ. ಅವನು ಪಕ್ಕದಲ್ಲಿ ಹಾದುಹೋದಾಗ ಯಾವುದೋ ಶಾಂಪೂವಿನ ವಾಸನೆ ಬಂತು. ಆ ರಾತ್ರಿ ಅವಳು ದಿಂಬನ್ನು ಮಂಚದ ಅಂಚಿಗೆ ಎಳೆದುಕೊಂಡು ಮಲಗಿದಳು. ಅವನಿಗೆ ಅದು ಗೊತ್ತೂ ಆಗಲಿಲ್ಲ.

ಒಂದು ಗುರುವಾರ ಅವನು ಚಾಪೆಲ್ಲಿಗೆ ಹೋಗಿದ್ದಾಗ ಅವರ ಗ್ಯಾಸು ಕರೆಂಟಿನ ಕಂಪನಿಯಿಂದ ಫೋನು ಬಂತು. ಹುಡುಗಿಯೊಬ್ಬಳು ನಯವಾಗಿ ಮಾತಾಡಿದಳು. "ನಿಮ್ಮ ಕರಾರು ಬೇಸಿಗೆಯಲ್ಲೇ ಮುಗಿದಿದೆ ಮೇಡಂ. ಆಗಿನಿಂದ ಮಾಮೂಲಿ ದರದಲ್ಲಿದ್ದೀರಿ. ಹೊಸ ಕರಾರು ಮಾಡ್ಕೊಳ್ಳೋ ಯೋಚನೆ ಇದೆಯಾ?"

ಮಾಮೂಲಿ ದರ ಎಂದರೆ ಎಮ್ಲಿನ್ ಕೊಡುತ್ತಿದ್ದ ಆ ದುಬಾರಿ ದರ. ಬೀದಿಯವರನ್ನೆಲ್ಲ ಯಾವ ಗುಂಡಿಯಿಂದ ಗ್ವಿಲಿಮ್ ಮೇಲೆತ್ತಿದ್ದನೋ ಅದೇ ಗುಂಡಿಯಲ್ಲಿ ತಾನಿದ್ದಾಳೆ. ಎರಡು ಸ್ವೆಟರು ಹಾಕಿಕೊಂಡು, ಹೀಟರು ಸಂಜೆ ಮಾತ್ರ ಹಚ್ಚಿ, ಮಿತವ್ಯಯ ಮಾಡುತ್ತಿದ್ದೇನೆ ಎಂದುಕೊಂಡು ಇದ್ದಾಳೆ. ಫೋನು ಇಟ್ಟವಳೇ ಕೋಟು ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ದಾಟುವಾಗ ಬಾಯಲ್ಲಿ ಬೈಗುಳದ ಒಂದು ವಾಕ್ಯ ಸಿದ್ಧವಾಗಿತ್ತು.

ಮೈನಿರ್ ಬಾಗಿಲು ತೆರೆದಾಗ ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಹೊರಗೆ ಹಿಮಗಾಳಿ, ಇವಳು ಅರ್ಧ ತೋಳಿನ ಅಂಗಿಯಲ್ಲಿ ನಿಂತಿದ್ದಾಳೆ. ಇದು ನನ್ನ ಗಂಡ ಕೊಡಿಸಿದ ಬಿಸುಪು ಎಂದು ಐರ್ವೆನ್‌ಗೆ ಅನ್ನಿಸಿತು. ಸಿದ್ಧವಾಗಿದ್ದ ವಾಕ್ಯ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದೇ ಬೇರೆ.

"ದರ ಹೋಲಿಸೋದು ಹೇಗೆ ಅಂತ ನಂಗೆ ತೋರ್ಸು."

"ನಿಮಗಾ?" ಮೈನಿರ್‌ಗೆ ಅರ್ಥವಾಗಲಿಲ್ಲ. "ನಿಮ್ಮನೇಲೇ ಗ್ವಿಲ್ ಇದ್ದಾರಲ್ಲ."

"ಅವನಿಗೆ ಪುರುಸೊತ್ತಿಲ್ಲ."

ಮೈನಿರ್ ಅವಳ ಮುಖವನ್ನು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಟ್ಟು ಕಂಪ್ಯೂಟರು ತೆರೆದಳು.

"ಯೂನಿಟ್ಟಿನ ದರ ನೋಡಿ ಖುಷಿಪಡಬೇಡಿ. ನೀವು ಒಂದು ಬಲ್ಬೂ ಹಾಕ್ದಿದ್ರೂ ದಿನಕ್ಕೆ ಇಷ್ಟು ಅಂತ ನಿಗದಿ ಶುಲ್ಕ ಇರತ್ತೆ, ಕಳ್ಳರು ಅಲ್ಲಿ ಕೂತಿರ್ತಾರೆ. ಮತ್ತೆ, ತಿಂಗಳಿಗೆ ಎಷ್ಟು ಕಟ್ತೀವಿ ಅನ್ನೋದು ಲೆಕ್ಕ ಅಲ್ಲ, ವರ್ಷಕ್ಕೆ ಎಷ್ಟು ಸುಡ್ತೀವಿ ಅನ್ನೋದು ಲೆಕ್ಕ."

ಮಾತು ಮೈನಿರ್‌ಳದಾಗಿರಲಿಲ್ಲ. ಒಂದೊಂದು ವಾಕ್ಯಕ್ಕೂ ಮೇಜಿನ ಮೇಲೆ ಬೆರಳು ಕುಟ್ಟುವುದು, "ಕಳ್ಳರು ಕೂತಿರ್ತಾರೆ" ಅನ್ನುವುದು, ಎಲ್ಲ ಗ್ವಿಲಿಮ್. ತನ್ನ ಗಂಡನ ಮಾತನ್ನು ಐರ್ವೆನ್ ಇನ್ನೊಬ್ಬಳ ಬಾಯಲ್ಲಿ ಕೇಳುತ್ತ, ಕಲಿಯುವವಳಂತೆ ತಲೆಯಾಡಿಸುತ್ತ ಕೂತಿದ್ದಳು.

"ಅವರು ನಿಮಗ್ಯಾಕೆ ಹೇಳ್ಕೊಟ್ಟಿಲ್ಲ?" ಎಂದಳು ಮೈನಿರ್ ಮೆಲ್ಲಗೆ. "ನಾನೊಂದ್ಸಲ ಕೇಳಿದ್ದೆ. ಐರಿ ದಿನವಿಡೀ ನಿಂತು ಸುಸ್ತಾಗಿ ಬರ್ತಾಳೆ, ಅವಳ ತಲೆಗೆ ಇದನ್ನ ಹಚ್ಚಲ್ಲ ಅಂದ್ರು."

ಐರ್ವೆನ್‌ಗೆ ಥಟ್ಟನೆ ನೆನಪಾಯಿತು. ಎಮ್ಲಿನ್‌ನ ಕೆಲಸ ಮುಗಿಸಿದ ಸಂಜೆ ಗ್ವಿಲಿಮ್ ಕಾಗದ ಹಿಡಿದುಕೊಂಡು ಬಂದಿದ್ದ, "ಐರಿ, ಇಲ್ಲಿ ನೋಡು" ಎಂದಿದ್ದ. ಅವಳು ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತಿದ್ದಳು. ಕಣ್ಣು ತೆರೆಯದೆ, "ನಾಳೆ ಹೇಳು ಗ್ವಿಲ್" ಎಂದಿದ್ದಳು. ಅವನು ಮಾರನೆಯ ದಿನ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇದು ನೆನಪಾದದ್ದರಿಂದ ಹೊಟ್ಟೆಯ ಉರಿ ಆರಲಿಲ್ಲ. ತಾನು ಬೇಡವೆಂದದ್ದು ಎದುರು ಮನೆಗೆ ಬಂದು ಸೇರಿದೆ ಎಂದು ಇನ್ನೂ ಜೋರಾಗಿ ಹತ್ತಿಕೊಂಡಿತು.

"ಅವನ ಕೂದಲು ನೀನ್ಯಾಕೆ ಕತ್ತರಿಸಿದೆ?"

ಮೈನಿರ್‌ಳ ಕೆನ್ನೆ ಕೆಂಪಾಯಿತು. "ನಂಗೆ ಬರೋದು ಅದೊಂದೇ ಕೆಲಸ. ತಪ್ಪಾಯ್ತಾ?"

"ಆಯ್ತು."

"ಇನ್ಮೇಲೆ ಇಲ್ಲ." ಅವಳು ಕಂಪ್ಯೂಟರಿನ ಕಡೆ ತಿರುಗಿ, ಹಾಗೆಯೇ ಹೇಳಿದಳು, "ಇನ್ನೊಂದೂ ಹೇಳ್ಬಿಡ್ತೀನಿ. ಎರಡು ಸಲ ಸುಮ್ಸುಮ್ನೆ ಕರೆಸ್ದೆ. ಮೀಟರಿಗೆ ಏನೂ ಆಗಿರ್ಲಿಲ್ಲ. ಅವರು ಬಂದ್ರೆ ಮನೇಲಿ ಒಂದು ಧ್ವನಿ ಇರತ್ತೆ. ಅಷ್ಟೇ, ಅದಕ್ಕಿಂತ ಏನಿಲ್ಲ."

ಐರ್ವೆನ್ ಅದನ್ನು ನಂಬಿದಳು. ಆ ಧ್ವನಿಯಿಲ್ಲದೆ ಮನೆ ಹೇಗಿರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಂಬಿದಳೇ ಹೊರತು ಕ್ಷಮಿಸಲಿಲ್ಲ. "ಮುಂದೆ ತೋರ್ಸು" ಎಂದಳು.

ಮಾರನೆಯ ದಿನ ಗ್ವಿಲಿಮ್ ಹೊರಗೆ ಹೋದಾಗ ಅವಳು ಟಾರ್ಚು ಹಿಡಿದು ಮೆಟ್ಟಿಲ ಕೆಳಗೆ ಮಂಡಿಯೂರಿ ಮೀಟರು ಓದಿದಳು. ತನ್ನ ಮನೆಯ ಮೀಟರು ನೋಡಿದ್ದು ಅದೇ ಮೊದಲು. ಕಂಪ್ಯೂಟರಿನ ಮುಂದೆ ಕೂತು ದರಗಳನ್ನು ಅಕ್ಕಪಕ್ಕ ಇಟ್ಟಳು, ಗೊಂದಲವಾದಾಗ ಮೊದಲಿಂದ ನೋಡಿದಳು. ಕೊನೆಗೆ ಒಂದು ಕಂಪನಿಯನ್ನು ಆರಿಸಿ ಗುಂಡಿ ಒತ್ತಿದಳು.

ಸಂಜೆ ಗ್ವಿಲಿಮ್ ಇಮೇಲಿಗೆ ಬಂದ ಹೊಸ ಕರಾರನ್ನು ಮುದ್ರಿಸಿಕೊಂಡು ಗಾಬರಿಯಿಂದ ಅಡುಗೆಮನೆಗೆ ಬಂದ. "ಐರಿ, ಯಾರೋ ನಮ್ಮನೆ ಕಂಪನಿ ಬದಲಾಯ್ಸಿದಾರೆ. ಮೋಸದವ್ರು ಇರ್ಬೇಕು. ಹದಿನಾಲ್ಕು ದಿನದೊಳಗೆ ರದ್ದು ಮಾಡ್ಬಹುದು, ಹೆದರ್ಬೇಡ."

"ಮೋಸದವ್ರಲ್ಲ. ನಾನು."

"ನೀನಾ?" ಅವನು ಕೂತು ಕಾಗದದ ಮೇಲೆಲ್ಲ ಬೆರಳಾಡಿಸಿದ. "ನಿಗದಿ ಶುಲ್ಕ ನೋಡಿದ್ಯಾ?"

"ನೋಡ್ದೆ."

"ಮಧ್ಯ ಬಿಟ್ರೆ ದಂಡ?"

"ನೋಡ್ದೆ. ಇಲ್ಲ."

ಅವನು ತಪ್ಪು ಹುಡುಕಿದ, ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೆ ಮುಖ ಸಪ್ಪಗಾಯಿತು. "ಯಾರು ಹೇಳ್ಕೊಟ್ಟಿದ್ದು?"

"ಮೈನಿರ್. ನೀನು ಅವಳಿಗೆ ಹೇಳ್ಕೊಟ್ಟೆ, ಅವಳು ನಂಗೆ ಹೇಳ್ಕೊಟ್ಲು. ಎಷ್ಟು ಚೆನ್ನಾಗಿ ಕಲ್ಸಿದ್ದೀಯ, ಬೆರಳು ಕುಟ್ಟೋದೂ ಬಿಟ್ಟಿಲ್ಲ. ಬೀದಿಗೆಲ್ಲ ನೋಡ್ಕೊಟ್ಟೆ ಗ್ವಿಲ್. ನಮ್ದು ಬೇಸಿಗೆಯಿಂದ ಬಿದ್ದಿದೆ."

ಅವನಿಗೆ ಅದು ಹೊಳೆದದ್ದೇ ಆಗ. ಬಹಳ ಹೊತ್ತು ಸುಮ್ಮನಿದ್ದ. ಹಳೆಯ ಮೌನವೇ ಮತ್ತೆ ಬಂತೇನೋ ಎಂದು ಅವಳಿಗೆ ದಿಗಿಲಾಯಿತು.

"ಹೊರಗಡೆ ಹೋದ್ರೆ ನಾನು ಏನೋ ಬಲ್ಲವನು" ಎಂದ ಕೊನೆಗೆ. "ಇಲ್ಲಿ ನೀನು ನನ್ನನ್ನ ಆ ಕುರ್ಚೀಲಿ ನೋಡಿದ್ದೀಯ. ಒಂದು ವರ್ಷ ನೋಡಿದ್ದೀಯ. ನಿನ್ ಮುಂದೆ ದೊಡ್ಡವನ ಹಾಗೆ ಮಾತಾಡೋಕೆ ನಾಚಿಕೆ ಆಗತ್ತೆ ಐರಿ."

ಐರ್ವೆನ್ ಒಲೆ ಆರಿಸಿ ಬಂದು ಅವನ ಎದುರಿಗೆ ಕೂತಳು. "ಆ ಎಮ್ಲಿನ್‌ನ ಬಿಲ್ಲಲ್ಲಿ ಏನಿತ್ತು?" ಎಂದು ಕೇಳಿದಳು. ಅವನು ಅನುಮಾನದಿಂದಲೇ ಶುರುಮಾಡಿದ. ಸ್ವಲ್ಪ ಹೊತ್ತಿಗೆ ಬೆರಳು ಮೇಜಿನ ಮೇಲೆ ಕುಟ್ಟತೊಡಗಿತು. ಒಲೆಯ ಮೇಲಿದ್ದದ್ದು ತಣ್ಣಗಾಯಿತು, ಇಬ್ಬರೂ ಹಾಗೆಯೇ ತಿಂದರು.

ಮುಂದಿನ ಗುರುವಾರ ಐರ್ವೆನ್ ಅವನ ಜೊತೆ ಚಾಪೆಲ್ಲಿಗೆ ಹೋಗಿ, ಅದೇ ಮೇಜಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತಳು. ಗ್ವಿಲಿಮ್‌ನ ಮುಂದೆ ನೆಸ್ಟಾಳ ಭಾವ ಒಬ್ಬನೇ ಇದ್ದ. ಅಷ್ಟರಲ್ಲಿ ಮೈನಿರ್ ತನ್ನ ತಾಯಿಯ ಬಿಲ್ಲು ಹಿಡಿದು ಒಳಗೆ ಬಂದು, ಅಭ್ಯಾಸದಂತೆ ಅವನ ಕಡೆ ಹೆಜ್ಜೆ ಹಾಕಿದಳು.

"ಇತ್ತ ಬಾ" ಎಂದಳು ಐರ್ವೆನ್. "ಅಲ್ಲಿ ಸಾಲು ಉದ್ದ ಇದೆ."

ಒಬ್ಬನೇ ಕೂತಿದ್ದ ಆ ಸಾಲನ್ನು ಮೈನಿರ್ ನೋಡಿದಳು, ಐರ್ವೆನ್‌ಳನ್ನು ನೋಡಿದಳು, ಬಂದು ಅವಳೆದುರು ಕೂತಳು. ಐರ್ವೆನ್ ಬಿಲ್ಲನ್ನು ತನ್ನ ಕಡೆ ಎಳೆದುಕೊಂಡು, ನಿಗದಿ ಶುಲ್ಕ ಎಲ್ಲಿದೆ ಎಂದು ಹುಡುಕತೊಡಗಿದಳು.