ಕಿಡಿಗೊಂದು ಹಟ್ಟಿ

ನಮ್ಮ ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಹುರಿಗಡಲೆ ಡಬ್ಬಿಗೂ ಹುಣಸೆಹಣ್ಣಿನ ಜಾಡಿಗೂ ನಡುವೆ, ಕ್ಲಿಪ್ಪಿನ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಕುಳಿತಿದೆ. ಮೂವತ್ತೊಂದು ವರ್ಷ ಅದು ನನ್ನ ಮಧ್ಯಾಹ್ನದ ಬುತ್ತಿಯನ್ನು ಗುಂಡ್ಲುಪೇಟೆಯ ಮನೆಯಿಂದ ಬೇಗೂರಿನ ಹೈಸ್ಕೂಲಿಗೆ ಹೊತ್ತಿತು. ನಾನು ನಿವೃತ್ತನಾದ ಮೇಲೆ ಅದಕ್ಕೂ ನಿವೃತ್ತಿಯಾಯಿತು ಎಂದುಕೊಂಡಿದ್ದೆ. ಈಗ ಮುಚ್ಚಳ ತೆಗೆದರೆ ಚಿತ್ರಾನ್ನದ ಒಗ್ಗರಣೆಯಲ್ಲ, ಕರ್ಪೂರವೂ ಮೇಣವೂ ಬೆರೆತ ವಾಸನೆ ಮೂಗಿಗೆ ಬಡಿಯುತ್ತದೆ. ನಗಬೇಡಿ, ಗೆಳೆಯರೇ: ಅದು ಬೆಟ್ಟಗುಡ್ಡ ಅಲೆಯಲು ಹೊರಟವರು ಬೆಂಕಿ ಹೊತ್ತಿಸಲು ಒಯ್ಯುವ ಸಾಮಾನಿನ ಡಬ್ಬಿ. ಅದನ್ನು ನಾನೇ ಜೋಡಿಸಿದೆ ಎಂದು ಹೇಳಿಕೊಳ್ಳುವ ಆಸೆ ನನಗೆ ಬಹಳವಿತ್ತು. ಆದರೆ ಜೋಡಿಸಿದವಳು ನನ್ನ ಹೆಂಡತಿ ಸುಂದ್ರಮ್ಮಣ್ಣಿ, ಮತ್ತು ಆ ಮಾತನ್ನು ಹೇಳುವಾಗ ನನ್ನ ಎದೆ ಈಗ ಇನ್ನೂ ಒಂದಂಗುಲ ಹೆಚ್ಚೇ ಉಬ್ಬುತ್ತದೆ.

ಬೆಳಗಿನ ನಡಿಗೆಯಲ್ಲಿ ಜೊತೆಯಾಗುವ ನಾವು ನಾಲ್ವರು ಗೆಳೆಯರು. ನಮ್ಮ ನಾಯಕ ಸಿದ್ದರಾಜು, ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಊರ ಹೊರಗಿನ ಹೆದ್ದಾರಿಯಲ್ಲಿ ನಡೆದೂ ನಡೆದೂ ಬೇಸತ್ತು ಒಂದು ದಿನ, ವಯನಾಡಿನ ಕಡೆ ಪರಿಚಯದವರ ಕಾಫಿ ಎಸ್ಟೇಟಿದೆ, ಅದರ ಹಿಂದಿನ ಬೆಟ್ಟ ಹತ್ತಿ ಇಳಿಯೋಣ, ಅಲ್ಲೇ ಅಡುಗೆ ಮಾಡಿಕೊಂಡು ಉಣ್ಣೋಣ ಎಂದ. ನಮ್ಮ ಬಂಡೀಪುರದ ಕಾಡಿನಲ್ಲಿ ಬೀಡಿ ಹಚ್ಚುವುದೂ ಅಪರಾಧ, ಅದು ಹಾಗೆಯೇ ಇರಲಿ. ಎಸ್ಟೇಟಿನವರು ಮಾತ್ರ ಬೆಟ್ಟದ ಬುಡದ ತಮ್ಮ ಷೆಡ್ಡಿನ ಪಕ್ಕ, ಕಲ್ಲು ಸುತ್ತಿಟ್ಟ ಒಂದು ಜಾಗದಲ್ಲಿ, ಒಲೆ ಹೂಡಲು ಒಪ್ಪಿದ್ದರು. ಸಿದ್ದರಾಜು ಸಣ್ಣ ಗ್ಯಾಸ್ ಸ್ಟವ್ ತರುವುದು, ಅದು ಕೈಕೊಟ್ಟರೆ ಸೌದೆಯ ಬೆಂಕಿಗೆ ಬೇಕಾದ್ದನ್ನೆಲ್ಲ ನಾನು ತರುವುದು ಎಂದು ಕೆಲಸ ಹಂಚಿಕೆಯಾಯಿತು.

ನಾನು ಮೇಷ್ಟ್ರು. ಯಾವ ಕೆಲಸವನ್ನೂ ಮೊದಲು ಓದಿ ತಿಳಿಯುವವನು. ಮೊಬೈಲಿನಲ್ಲಿ ಹತ್ತಾರು ವೀಡಿಯೊ ನೋಡಿ, ಮಳೆಯಲ್ಲೂ ಕಿಡಿ ಹಾರಿಸುತ್ತದೆನ್ನುವ ಒಂದು ಲೋಹದ ಕಡ್ಡಿಯನ್ನು ತರಿಸಿಕೊಂಡು, ಹಿತ್ತಿಲಲ್ಲಿ ತೆಂಗಿನ ನಾರು ಗುಡ್ಡೆ ಹಾಕಿ ಉಜ್ಜಲು ಕುಳಿತೆ. ಕಿಡಿ ಏನೋ ದೀಪಾವಳಿಯ ಸುರುಸುರುಬತ್ತಿಯಂತೆ ಹಾರಿತು. ಹಾರಿದ್ದು ನೆಲಕ್ಕೆ ಬಿದ್ದು ಸತ್ತಿತು. ಮುಕ್ಕಾಲು ಗಂಟೆ ಹೀಗೆಯೇ ಕಳೆಯಿತು. ಹೊತ್ತು ಕಳೆಯಲೆಂದು ಹೊತ್ತು ತಂದದ್ದು ಹೊತ್ತಲೇ ಇಲ್ಲ. ಕರಿಬೇವು ಕೀಳಲು ಬಂದ ಸುಂದ್ರಮ್ಮಣ್ಣಿ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು ನನ್ನ ಉಜ್ಜಾಟವನ್ನು ನೋಡಿದಳು.

"ಬರೀ ಕಿಡಿ ಬಂದ್ರ ಸಾಕಾ? ಕಿಡಿ ಬಂದು ಕೂತ್ಕಳಕ್ಕ ಒಂದ್ ಅಟ್ಟಿ ಬ್ಯಾಡ್ವಾ?" ಎಂದಳು.

ನಮ್ಮ ಕಡೆ ಹಟ್ಟಿಯೆಂದರೆ ಮನೆ. ಅವಳ ನಾಲಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಮದುವೆಯಾದ ಹೊಸತರಲ್ಲಿ ತಿದ್ದಲು ಹೋಗಿ ಸೋತಿದ್ದೇನೆ. ಅಂದು ಮಾತ್ರ ಆ ಮಾತನ್ನು ತಿದ್ದುವ ಮನಸ್ಸಾಗಲಿಲ್ಲ. ನಮ್ಮೆಲ್ಲರಲ್ಲೂ ಎಂದೋ ಒಮ್ಮೆ ಕಿಡಿ ಹಾರಿರುತ್ತದೆ. ಆ ಕಿಡಿ ಬಂದು ಕೂರಲು ಮೆತ್ತಗಿನ, ಒಣಗಿದ, ಬೆಚ್ಚನೆಯ ಜಾಗವೊಂದನ್ನು ಯಾರೋ ಮಾಡಿಟ್ಟಿದ್ದರೆ ಮಾತ್ರ ಅದು ಉಳಿಯುತ್ತದೆ. ಮೂವತ್ತೊಂದು ವರ್ಷ ಪಾಠ ಹೇಳಿದವನಿಗೆ ಇದು ಹೊಳೆದಿರಲಿಲ್ಲವೆಂದಲ್ಲ, ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ.

ಅವಳು ಉಡಿಗಾಲದವಳು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಚಳಿಗಾಲದಲ್ಲಿ, ಜಡಿಮಳೆಯಲ್ಲಿ ಹುಳುಮನೆ ತಣ್ಣಗಾದರೆ ಹುಳು ಸೊಪ್ಪು ತಿನ್ನದೆ ಮಂಕಾಗುತ್ತವೆ. ಬೆಚ್ಚಗಿಡಲು ಇದ್ದಿಲಿನ ಅಗ್ಗಿಷ್ಟಿಕೆ ಇಡಬೇಕು. ಆದರೆ ಹುಳುವಿಗೆ ಹೊಗೆ ಆಗದು. ಹೊಗೆಯಿಲ್ಲದ ಕೆಂಡ ಮಾಡಿ ಒಳಗೆ ತರುವ ಕೆಲಸ, ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ, ಸುಂದ್ರಮ್ಮಣ್ಣಿಯದು. ಇಷ್ಟನ್ನೂ ನಾನು ತಿಳಿದದ್ದು ಅಂದು ಹಿತ್ತಿಲಲ್ಲಿ, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ನಾನು ಎಂದೂ ಕೇಳಿರಲಿಲ್ಲ, ಅವಳು ಎಂದೂ ಹೇಳಿರಲಿಲ್ಲ.

ಆ ಸಂಜೆಯೇ ಅವಳು ನನ್ನ ಹಳೆಯ ಬುತ್ತಿ ಡಬ್ಬಿಯನ್ನು ಇಳಿಸಿದಳು. ದೇವರ ಮುಂದೆ ಹಚ್ಚುವ ಹೂಬತ್ತಿಗಳನ್ನು ಬಿಡಿಸಿ ಹಿಂಜಿ, ಕರಗಿಸಿದ ಮೇಣದಲ್ಲಿ ಅರ್ಧರ್ಧ ಅದ್ದಿ, ತಟ್ಟೆಯಲ್ಲಿ ಹರಡಿ ಆರಿಸಿದಳು. ಪೂರ್ತಿ ಅದ್ದಿದರೆ ಕಿಡಿ ಹಿಡಿಯುವುದಿಲ್ಲವಂತೆ, ಅದ್ದದೇ ಬಿಟ್ಟರೆ ಹಿಡಿದದ್ದು ನಿಲ್ಲುವುದಿಲ್ಲವಂತೆ. ಬೆಂಕಿಕಡ್ಡಿಗಳ ತಲೆಗೂ ಮೇಣದ ಟೋಪಿ ಹಾಕಿ ಮಾತ್ರೆಯ ಖಾಲಿ ಬಾಟಲಿಯಲ್ಲಿಟ್ಟು, ಪೊಟ್ಟಣದ ಉಜ್ಜುವ ಪಟ್ಟಿಯನ್ನು ಕತ್ತರಿಸಿ ಅದರೊಳಗೇ ಸೇರಿಸಿದಳು. ಕರ್ಪೂರವನ್ನು ಗಾಳಿಯಾಡದ ಹಾಗೆ ಸುತ್ತಿದಳು. ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲ ಕತ್ತರಿಸಿ ಹಾಕಿದಳು. ಎಂಥ ಮಳೆಯಲ್ಲೂ ರಬ್ಬರು ಉರಿಯುತ್ತದೆ, ಆದರೆ ಹೊಗೆ ಕೆಟ್ಟದ್ದು, ಗತಿಯಿಲ್ಲದಿದ್ದರೆ ಮಾತ್ರ ಎಂದಳು. ನನ್ನ ಕಿಡಿ ಕಡ್ಡಿಗೂ ಒಂದು ಮೂಲೆಯಲ್ಲಿ ಜಾಗ ಕೊಟ್ಟಳು. ಕೊನೆಗೆ ಒಂದು ಚೆಂಬು ನೀರನ್ನು ಸೌದೆಗೆ ಸುರಿದು, ಅದನ್ನು ಸೀಳಿ, ಒಳಗಿನ ಒಣಚಕ್ಕೆಯನ್ನು ಬೆರಳಿಂದ ಮುಟ್ಟಿಸಿ ತೋರಿಸಿದಳು. ನಾನು ವಿಧೇಯ ವಿದ್ಯಾರ್ಥಿಯಂತೆ ಎಲ್ಲವನ್ನೂ ಬರೆದುಕೊಂಡೆ.

ಹೊರಡುವ ಹಿಂದಿನ ದಿನ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಡಬ್ಬಿ ಒಂದೇ ಓಗದಾ?"

ನನಗೆ ಅರ್ಥವಾಯಿತು, ಆಗದವನಂತೆ ನಟಿಸಿದೆ. ಏರು ದಾರಿ, ಜಿಗಣೆ ಕಾಟ, ಜೊತೆಗೆ ಬರುವವರೆಲ್ಲ ಗಂಡಸರು ಎಂದು ಒಂದೊಂದಾಗಿ ಹೇಳಿದೆ.

"ಉಡಿಗಾಲದಿಂದ ಚಾಮರಾಜನಗರದ ಗೂಡಿನ ಮಾರ್ಕೆಟ್‌ಗ ತಲೆ ಮ್ಯಾಲ ಮಂಕರಿ ಒತ್ಕಂಡು ನಡ್ದವ್ಳು ಕಣಿ ನಾನು," ಎಂದಳು. ದನಿ ಏರಿರಲಿಲ್ಲ. "ನೀವು ಕರೀನೇ ಇಲ್ಲ. ಅದ್ಕ ನಾನೇ ಕೇಳ್ದಿ."

ಮದುವೆ, ನಾಮಕರಣ, ಸಾವು ಬಿಟ್ಟರೆ ಅವಳನ್ನು ನಾನು ಎಲ್ಲಿಗೂ ಕರೆದೊಯ್ದಿರಲಿಲ್ಲ ಎಂಬುದು ಆಗ ನೆನಪಾಗಿ, ತಲೆ ಎತ್ತಲಾಗಲಿಲ್ಲ. ಸಿದ್ದರಾಜುವಿಗೆ ಫೋನ್ ಮಾಡಿದೆ. "ಅಲ್ಲಿ ಸೌಕರ್ಯ ಇಲ್ಲ ಮೇಷ್ಟ್ರೇ, ಅಕ್ಕನಿಗ ಕಷ್ಟ ಆದದು," ಎಂದು ಅವನು ಅಳೆದೂ ಸುರಿದೂ ಹೇಳಿದ. ಅಡುಗೆಮನೆಯಿಂದಲೇ ಅವಳೆಂದಳು: "ಸೌಕರ್ಯ ಬೇಕಾಗಿದ್ರ ಮನೇಲೇ ಇರ್ತಿದ್ದಿ ಅನ್ನಿ." ನಾನು ಅದನ್ನೇ ಫೋನಿಗೆ ಒಪ್ಪಿಸಿದೆ.

ಹೀಗೆ ಐವರು ಹೊರಟೆವು. ಎಸ್ಟೇಟಿನ ಕಾವಲುಗಾರ ಬಾಲನ್ ದಾರಿ ತೋರಿಸಲು ಬಂದ. ಬೆಟ್ಟ ಹತ್ತುವವರೆಗೂ ಬಿಸಿಲಿತ್ತು. ಇಳಿಯುವಾಗ, ಮಧ್ಯಾಹ್ನ ಮೂರರ ಸುಮಾರಿಗೆ, ಮಾರ್ಗಶಿರದಲ್ಲಿ ಯಾರೂ ನಿರೀಕ್ಷಿಸದ ಮಳೆ ಹಿಡಿಯಿತು. ತೊರೆ ದಾಟುವಾಗ ಸಿದ್ದರಾಜು ಪಾಚಿಗಲ್ಲಿನ ಮೇಲೆ ಕಾಲು ಜಾರಿ ಎದೆಯುದ್ದ ನೀರಿಗೆ ಬಿದ್ದ. ಅವನನ್ನು ಎಳೆದುಕೊಂಡೆವು, ಅವನ ಚೀಲ ನೀರಿನಲ್ಲಿ ಕೊಚ್ಚಿಹೋಯಿತು. ಸ್ಟವ್ ಅದರಲ್ಲಿತ್ತು. ಷೆಡ್ಡು ಮುಟ್ಟುವ ಹೊತ್ತಿಗೆ ಅವನ ತುಟಿ ನೀಲಿಗಟ್ಟಿ, ಹಲ್ಲು ಕಟಕಟನೆ ಬಡಿಯುತ್ತಿದ್ದವು. ಒದ್ದೆ ಬಟ್ಟೆ ಬಿಚ್ಚಿಸಿ ನಮ್ಮ ಒಣ ಪಂಚೆ, ಶಾಲುಗಳನ್ನೆಲ್ಲ ಸುತ್ತಿದರೂ ನಡುಕ ನಿಲ್ಲಲಿಲ್ಲ. ಸದಾ ಮಾತಿನ ಮಲ್ಲನಾದ ಅವನು ಮಾತು ತೊದಲತೊಡಗಿದಾಗ ನನಗೆ ನಿಜವಾಗಿ ಭಯವಾಯಿತು. ನಾವು ಬಂದ ಜೀಪು ನಿಂತಿದ್ದ ಜಾಗ ಅಲ್ಲಿಂದ ಎರಡು ಗಂಟೆಯ ನಡಿಗೆ.

ನಾನು ಡಬ್ಬಿ ತೆಗೆದೆ. ಮುಚ್ಚಳ ಎಳೆದ ರಭಸಕ್ಕೆ ಒಂದು ಹೂಬತ್ತಿ ಕೆಸರಿಗೆ ಬಿತ್ತು.

"ಇಲ್ಲಿ ಕೊಡಿ. ನೀವು ಕೊಡೆ ಇಡ್ಕಳಿ," ಎಂದಳು ಸುಂದ್ರಮ್ಮಣ್ಣಿ.

ಕೊಡೆ ಹಿಡಿದೆ. ಅವಳು ಬಾಲನ್‌ನ ಮಚ್ಚು ಕೇಳಿ ಪಡೆದು, ಷೆಡ್ಡಿನ ಹಿಂದಿನ ಒದ್ದೆ ಸಿಲ್ವರ್ ಓಕ್ ಮರದ ತುಂಡುಗಳನ್ನು ಸೀಳಿ ಒಳತಿರುಳನ್ನು ಕಡ್ಡಿಕಡ್ಡಿಯಾಗಿ ಕೆತ್ತಿದಳು. ನೆಲಕ್ಕೆ ಬಿದ್ದ ಪುಳ್ಳೆಗಳನ್ನು ಮುಟ್ಟಲಿಲ್ಲ. ಗಿಡದ ಮೇಲೇ ಒಣಗಿ ನಿಂತ ಕಡ್ಡಿಗಳನ್ನು ಮುರಿದು ತರಲು ಉಳಿದಿಬ್ಬರು ಗೆಳೆಯರನ್ನು ಅಟ್ಟಿದಳು. ಕಲ್ಲಿನ ಸುತ್ತಿನೊಳಗೆ ಮೊದಲು ದಪ್ಪ ತುಂಡುಗಳನ್ನು ಹಾಸಿ, ಅದರ ಮೇಲೆ ಹೂಬತ್ತಿ, ಕರ್ಪೂರ, ಕೆತ್ತಿದ ಚಕ್ಕೆ, ಪುಳ್ಳೆ, ಹೀಗೆ ಸಣ್ಣದರಿಂದ ದೊಡ್ಡದಕ್ಕೆ ಪುಟ್ಟದೊಂದು ಮನೆಯನ್ನೇ ಕಟ್ಟಿದಳು. ಸಿದ್ದರಾಜುವಿನ ಕಡೆ ಒಮ್ಮೆಯೂ ತಿರುಗಲಿಲ್ಲ, ಗಾಬರಿಗೆ ಅವಳ ಬಳಿ ಬಿಡುವಿರಲಿಲ್ಲ. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು ಹಿಡಿಯಿತು. ಹೂಬತ್ತಿ ಹತ್ತಿತು, ಚಕ್ಕೆ ಹತ್ತಿತು, ಮಳೆಯ ಸದ್ದಿನೊಳಗೆ ಪುಳ್ಳೆ ಚಟಪಟ ಎಂದಿತು. ಟ್ಯೂಬಿನ ತುಂಡು ಬೇಕಾಗಲೇ ಇಲ್ಲ.

"ಚೇಚಿ, ಈ ಮಳೆಯಲ್ಲಿ ನನಗೂ ಹಚ್ಚಲಿಕ್ಕೆ ಆಗುದಿಲ್ಲ," ಎಂದ ಬಾಲನ್, ಅಕ್ಕನೆಂಬುದನ್ನು ಮಲಯಾಳದಲ್ಲೂ ಉಳಿದದ್ದನ್ನು ತನ್ನ ಮುರುಕು ಕನ್ನಡದಲ್ಲೂ.

ಕೆಂಡ ಕೂತ ಮೇಲೆ ಸಿದ್ದರಾಜುವನ್ನು ಹತ್ತಿರ ಕೂರಿಸಿ ಬಿಸಿ ಬೆಲ್ಲದ ನೀರು ಕುಡಿಸಿದೆವು. ಅರ್ಧ ಗಂಟೆಗೆ ನಡುಕ ಇಳಿಯಿತು. ಅವನು ಆಡಿದ ಮೊದಲ ಪೂರ್ತಿ ಮಾತು ಇದು: "ಅಕ್ಕ, ನಾನು ನಿನ್ನ ಬ್ಯಾಡ ಅಂದಿದ್ದಿ." ಅವಳು ಬೆಂಕಿಗೆ ಇನ್ನೊಂದು ಚಕ್ಕೆ ಒಡ್ಡುತ್ತ, "ಬುಡಪ್ಪ, ನೀನೊಬ್ನೆಯಾ ಅಂದಿದ್ದು," ಎಂದಳು. ಕೊಡೆ ಹಿಡಿದಿದ್ದವನು ಕೊಡೆಯನ್ನು ಇನ್ನಷ್ಟು ನೆಟ್ಟಗೆ ಹಿಡಿದ. ಹೊರಡುವ ಮುನ್ನ ನೀರು ಸುರಿದು, ಬೂದಿ ಕೆದಕಿ, ಮತ್ತೆ ನೀರು ಸುರಿದು, ಅಂಗೈಯಿಟ್ಟು ನೋಡಿದ ಮೇಲೆಯೇ ಅವಳು ಎದ್ದದ್ದು.

ಸಿದ್ದರಾಜು ಸುಮ್ಮನಿರುವವನಲ್ಲ. ಊರೆಲ್ಲ ಹೇಳಿ, ಒಂದು ಭಾನುವಾರ ಬೆಳಿಗ್ಗೆ ಮೈದಾನದ ಅಂಚಿನಲ್ಲಿ ಅವಳ ಬೆಂಕಿ ಪಾಠಕ್ಕೆ ಹದಿನೈದು ಜನರನ್ನು ಕಲೆಹಾಕಿದ. ಹೆಚ್ಚಿನವರು ಹೆಂಗಸರು, ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಹಿಂದಿನ ಸಂಜೆಯೆಲ್ಲ "ನಂಗ ಮಾತಾಡಕ್ಕ ಬರದಿಲ್ಲ," ಎನ್ನುತ್ತಿದ್ದ ಸುಂದ್ರಮ್ಮಣ್ಣಿ, ಮೇಣ ಅದ್ದಿದ ಹತ್ತಿಯನ್ನು ಕೈಗೆ ತೆಗೆದುಕೊಂಡದ್ದೇ, ಒಂದು ಗಂಟೆ ನಿಲ್ಲಿಸದೆ ಮಾತಾಡಿದಳು. ಅವಳ ಮಾತಿನಲ್ಲಿ ಹಕಾರ ಒಂದೂ ಇರಲಿಲ್ಲ, ಅನುಮಾನವೂ ಒಂದಿರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಕರಿಹಲಗೆಯ ಮುಂದೆ ನಿಂತ ಅಷ್ಟೂ ವರ್ಷಗಳಲ್ಲಿ ನನಗೆ ಸಿಗದಿದ್ದ ಹೆಮ್ಮೆ, ನೆಲದ ಮೇಲೆ ಕಾಲು ಮಡಚಿ ಕುಳಿತ ಆ ಒಂದು ಗಂಟೆಯಲ್ಲಿ ಸಿಕ್ಕಿತು.

"ಈಗ ಒಬ್ಬೊಬ್ರೇ ಬಂದು ಅಚ್ಚಿ. ಮೇಷ್ಟ್ರೇ, ಮೊದ್ಲು ನೀವು ಬನ್ನಿ."

ಎದ್ದು ಹೋದೆ. ಚಕ್ಕೆ ಜೋಡಿಸಿದೆ, ಕಡ್ಡಿ ಗೀರಿದೆ. ಹತ್ತಿಯಂಚಿಗೆ ಸಣ್ಣ ನೀಲಿ ಕಾಣಿಸಿದ್ದೇ ತಡ, ಆತುರಕ್ಕೆ ಬಗ್ಗಿ ಊದಲು ಬಾಯಿ ತೆರೆದೆ.

"ಊದ್‌ಬ್ಯಾಡಿ," ಎಂದಳು. "ಸುಮ್ನ ಕಾದು ನೋಡಿ."

ಕಾದೆ. ಹದಿನೈದು ಜನರೂ ಕಾದರು. ಚಕ್ಕೆ ಹಿಡಿಯಿತು, ಪುಳ್ಳೆ ಹಿಡಿಯಿತು, ಯಾರೋ ಚಪ್ಪಾಳೆ ತಟ್ಟಿದರು. ನಾನು ಮೆಚ್ಚುಗೆಗಾಗಿ ಅವಳ ಮುಖ ನೋಡಿದೆ. ಅವಳು ಆಗಲೇ ಸಾಲಿನ ಕಡೆ ತಿರುಗಿದ್ದಳು.

"ಮುಂದ್ಕ ಯಾರು ಬತ್ತಿರಿ?"